ಪಿಎಚ್‌ಡಿ ನಾಲ್ಕನೆಯ ವರ್ಷ: ಉದ್ಯೋಗದ ಹುಡುಕಾಟವನ್ನು ಯಾವಾಗ, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಬೇರಿನ ಬೆನ್ನುಹತ್ತಿದವಳು

ಎಲ್ಲರಿಗೂ ನಮಸ್ಕಾರ. ಸಸ್ಯವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ಈಗ ನಾಲ್ಕನೆಯ ವರ್ಷದಲ್ಲಿದ್ದೇನೆ. ನೀರಿನ ಕೊರತೆಯಿದ್ದಾಗ ಸಸ್ಯಗಳ ಬೇರು ಹೇಗೆ ಬೆಳೆಯುತ್ತದೆ ಎಂಬುದನ್ನು ಛಾಯಾಚಿತ್ರಗಳ ಮೂಲಕ ಅಳೆದು, ಆ ಅಳತೆಗಳನ್ನು ಸಂಖ್ಯಾಶಾಸ್ತ್ರದ ಮಾದರಿಗಳಿಂದ ವಿಶ್ಲೇಷಿಸುವುದು ನನ್ನ ಸಂಶೋಧನೆಯ ತಿರುಳು. ಒಂದು ಲೇಖನ ಪ್ರಕಟವಾಗಿದೆ, ಇನ್ನೊಂದು ಪರಿಶೀಲನೆಯಲ್ಲಿದೆ, ಮಹಾಪ್ರಬಂಧದ ಸುಮಾರು ಅರ್ಧದಷ್ಟು ಅಧ್ಯಾಯಗಳು ಕರಡು ರೂಪದಲ್ಲಿವೆ. ಅಡ್ಡಿಯೇನೂ ಬಾರದಿದ್ದರೆ ಇನ್ನು ಒಂದೂವರೆ ವರ್ಷದೊಳಗೆ ಪ್ರಬಂಧವನ್ನು ಸಲ್ಲಿಸಬಹುದು.

ನನ್ನ ಗೊಂದಲವೆಲ್ಲ ಅದರ ನಂತರದ್ದು. ನಮ್ಮ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮುಗಿಸಿದವರು ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಗೆ, ಹೋಗುವುದು ರೂಢಿಯಾಗಿಬಿಟ್ಟಿದೆ. ನಾನೂ ಹಾಗೆಯೇ ಹೋಗುತ್ತೇನೆಂದು ನನ್ನ ಮಾರ್ಗದರ್ಶಕರು ಭಾವಿಸಿದ್ದಾರೆ, ನಾನು ಇಲ್ಲವೆಂದೂ ಹೇಳಿಲ್ಲ. ಆದರೆ ಸಸಿಗಳನ್ನು ಬೆಳೆಸಿ ಪ್ರಯೋಗ ನಡೆಸುವುದಕ್ಕಿಂತ ದತ್ತಾಂಶದೊಂದಿಗೆ ಕಳೆಯುವ ಹೊತ್ತೇ ಈಚೆಗೆ ನನಗೆ ಹೆಚ್ಚು ಹಿಡಿಸುತ್ತಿದೆ, ಕಿರಿಯ ವಿದ್ಯಾರ್ಥಿಗಳಿಗೆ ವಿಶ್ಲೇಷಣೆಯನ್ನು ಹೇಳಿಕೊಡುವುದು ಅದಕ್ಕಿಂತಲೂ ಹಿಡಿಸುತ್ತಿದೆ. ಹಾಗೆಂದು ಅಧ್ಯಾಪನವೇ ನನ್ನ ದಾರಿ ಎನ್ನುವ ಧೈರ್ಯ ಬರುತ್ತಿಲ್ಲ, ಕಂಪನಿಗಳಲ್ಲಿ ನನ್ನಂಥವರಿಗೆ ಯಾವ ಹುದ್ದೆಗಳಿವೆ ಎಂಬುದೂ ಸರಿಯಾಗಿ ತಿಳಿದಿಲ್ಲ.

ಪ್ರಬಂಧ ಸಲ್ಲಿಸಿದ ಮೇಲೆಯೇ ಹುಡುಕಾಟ ಆರಂಭಿಸಿದರೆ ಸಾಕೆ, ಅಥವಾ ಈಗಲೇ ತೊಡಗಬೇಕೆ? ಈಗಲೇ ಆದರೆ, ಬರವಣಿಗೆಗೆ ಪೆಟ್ಟು ಬೀಳದಂತೆ ಏನನ್ನು ಮೊದಲು ಮಾಡಬೇಕು? ಅಧ್ಯಾಪಕ ಹುದ್ದೆ, ಪೋಸ್ಟ್‌ಡಾಕ್, ಕಂಪನಿ ಎಂಬ ಮೂರಕ್ಕೂ ಒಟ್ಟಿಗೆ ಅರ್ಜಿ ಹಾಕುವುದು ವಿವೇಕವೆ? ಈ ಹಾದಿಯಲ್ಲಿ ಸಾಗಿದವರು, ಅದರಲ್ಲೂ ಅರ್ಜಿಗಳನ್ನು ಓದುವ ಸ್ಥಾನದಲ್ಲಿ ಇರುವವರು, ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಉದ್ಯಮದಲ್ಲಿರುವ ರಸಾಯನತಜ್ಞ

ಈಗಲೇ ತೊಡಗಬೇಕು. ಆದರೆ ತೊಡಗುವುದೆಂದರೆ ಈ ವಾರವೇ ಅರ್ಜಿ ಕಳುಹಿಸುವುದೆಂದಲ್ಲ. ಮೊದಲು ಪ್ರಬಂಧ ಸಲ್ಲಿಸುವ ತಿಂಗಳನ್ನು ಅಂದಾಜಾಗಿ ಗುರುತಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಏಕೆಂದರೆ ನೀವು ಹೆಸರಿಸಿದ ಮೂರು ದಾರಿಗಳ ಪಂಚಾಂಗಗಳು ಒಂದಕ್ಕೊಂದು ಹೊಂದುವುದಿಲ್ಲ. ಕಂಪನಿಯೊಂದು ಹುದ್ದೆಯನ್ನು ಪ್ರಕಟಿಸಿದರೆ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಆಯ್ಕೆ ಮುಗಿಸಿ, ಆಯ್ಕೆಯಾದವರು ಬೇಗ ಬಂದು ಸೇರಲಿ ಎಂದು ಬಯಸುತ್ತದೆ. ಹೀಗಾಗಿ ಒಂದೂವರೆ ವರ್ಷ ಮುಂಚೆ ಕಳುಹಿಸಿದ ಅರ್ಜಿಯಿಂದ ಅಲ್ಲಿ ಪ್ರಯೋಜನವಿಲ್ಲ, ಸಲ್ಲಿಕೆಗೆ ನಾಲ್ಕರಿಂದ ಆರು ತಿಂಗಳು ಉಳಿದಿರುವಾಗ ಆರಂಭಿಸುವುದು ಸರಿಯಾದ ಹೊತ್ತು. ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಾಪಕ ಹುದ್ದೆಗಳ ರೀತಿಯೇ ಬೇರೆ. ಅಲ್ಲಿ ಜಾಹೀರಾತುಗಳು ಹೆಚ್ಚಾಗಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬರುತ್ತವೆ, ಸಂದರ್ಶನಗಳು ಚಳಿಗಾಲದಲ್ಲಿ ನಡೆಯುತ್ತವೆ, ಸೇರುವುದು ಮುಂದಿನ ವರ್ಷದ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಆ ಹೊತ್ತು ತಪ್ಪಿದರೆ ಬಹುಮಟ್ಟಿಗೆ ಒಂದು ವರ್ಷವೇ ಕಾಯಬೇಕಾಗುತ್ತದೆ.

ಹಾಗಿದ್ದರೆ ಈಗ ಮಾಡಬೇಕಾದದ್ದೇನು? ಓದುವುದು. ವಾರಕ್ಕೆ ಒಂದು ಗಂಟೆಯನ್ನು ಬದಿಗಿಟ್ಟು, ಅರ್ಜಿ ಹಾಕುವ ಉದ್ದೇಶವಿಲ್ಲದೆಯೇ ಉದ್ಯೋಗ ಪ್ರಕಟಣೆಗಳನ್ನು ಓದಿ, ಮನಸ್ಸಿಗೆ ಹಿಡಿಸಿದವುಗಳನ್ನು ಒಂದು ಕಡತದಲ್ಲಿ ಕೂಡಿಡಿ. ಹುದ್ದೆಯ ಹೆಸರಿಗೆ ಮರುಳಾಗಬೇಡಿ. ‘ಸೈಂಟಿಸ್ಟ್’ ಎಂಬ ಒಂದೇ ಹೆಸರಿನ ಹುದ್ದೆಯಲ್ಲಿ ಒಂದು ಕಂಪನಿಯಲ್ಲಿ ದಿನವಿಡೀ ಪ್ರಯೋಗ ಮಾಡಿಸಿದರೆ, ಇನ್ನೊಂದರಲ್ಲಿ ದಿನವಿಡೀ ಸಭೆ ನಡೆಸಿಸುತ್ತಾರೆ. ಆ ಹುದ್ದೆಯಲ್ಲಿರುವವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಎರಡು ಮೂರು ತಿಂಗಳು ಹೀಗೆ ಕೂಡಿಟ್ಟ ಮೇಲೆ ಆ ಕಡತವನ್ನು ಒಟ್ಟಿಗೆ ನೋಡಿದರೆ, ಯಾವ ಅರ್ಹತೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ, ಅವುಗಳಲ್ಲಿ ಯಾವುದು ನಿಮ್ಮಲ್ಲಿಲ್ಲ, ಅದನ್ನು ಉಳಿದ ಸಮಯದಲ್ಲಿ ಕಲಿಯಲು ಸಾಧ್ಯವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ‘ಸೈನ್ಸ್’ ಪತ್ರಿಕೆಯ ವೃತ್ತಿ ವಿಭಾಗವಾದ ಸೈನ್ಸ್ ಕೆರಿಯರ್ಸ್ 2012ರಲ್ಲಿ ಆರಂಭಿಸಿದ ಮೈಐಡಿಪಿ ಎಂಬ ಉಚಿತ ತಾಣವಿದೆ. ಕೌಶಲ, ಆಸಕ್ತಿ, ಮೌಲ್ಯಗಳ ಬಗ್ಗೆ ಪ್ರಶ್ನೆ ಕೇಳಿ, ವಿಜ್ಞಾನದ ಪಿಎಚ್‌ಡಿ ಪದವೀಧರರಿಗೆ ಹೊಂದಬಹುದಾದ ವೃತ್ತಿಗಳನ್ನು ಅದು ಸೂಚಿಸುತ್ತದೆ. ಅದರ ಸೂಚನೆಗಳನ್ನು ಭವಿಷ್ಯವಾಣಿಯೆಂದು ನಂಬಬೇಕಾಗಿಲ್ಲ, ಆದರೆ ಕೇಳಿಯೇ ಇರದ ವೃತ್ತಿಗಳ ಹೆಸರುಗಳನ್ನು ತಿಳಿಯಲು ಅದು ಸಾಕು.

ನೀವು ಬರೆದ ವಿವರಗಳನ್ನೇ ಇಟ್ಟುಕೊಂಡು ಹೇಳುವುದಾದರೆ, ನಿಮಗೆ ಹೊಂದುವ ಹುದ್ದೆಗಳು ನೀವು ಭಾವಿಸಿರುವುದಕ್ಕಿಂತ ಹೆಚ್ಚಿವೆ. ಬಿತ್ತನೆ ಬೀಜ ಮತ್ತು ಬೆಳೆ ಸಂರಕ್ಷಣೆಯ ಕಂಪನಿಗಳಲ್ಲಿ ಸಸ್ಯಗಳ ಚಿತ್ರ ವಿಶ್ಲೇಷಣೆಗೆಂದೇ ತಂಡಗಳಿವೆ. ಔಷಧ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರ ಬಲ್ಲ ಜೀವವಿಜ್ಞಾನಿಗಳಿಗೆ ಬೇಡಿಕೆಯಿದೆ, ಅಲ್ಲಿ ನಿಯಂತ್ರಣ ಸಂಸ್ಥೆಗಳ ನಿಯಮಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಕಲಿಸುವುದು ಇಷ್ಟವೆಂದು ಬರೆದಿದ್ದೀರಿ. ಸೂಕ್ಷ್ಮದರ್ಶಕ, ಇಮೇಜಿಂಗ್ ಉಪಕರಣ, ವಿಶ್ಲೇಷಣೆಯ ಸಾಫ್ಟ್‌ವೇರ್ ತಯಾರಿಸುವ ಕಂಪನಿಗಳು ‘ಅಪ್ಲಿಕೇಶನ್ ಸೈಂಟಿಸ್ಟ್’ ಎಂಬ ಹುದ್ದೆಗೆ ಪಿಎಚ್‌ಡಿ ಆದವರನ್ನು ತೆಗೆದುಕೊಳ್ಳುತ್ತವೆ, ಪ್ರಯೋಗಾಲಯಗಳಿಗೆ ಹೋಗಿ ಅಲ್ಲಿನ ಸಂಶೋಧಕರಿಗೆ ಉಪಕರಣ ಬಳಸಲು ಕಲಿಸುವುದು ಮತ್ತು ಅವರ ತೊಡಕುಗಳನ್ನು ಬಿಡಿಸುವುದು ಆ ಹುದ್ದೆಯ ಮುಖ್ಯ ಕೆಲಸ. ಪ್ರಯಾಣ ಬಹಳ. ಅದೇ ಬಗೆಯ ಕೆಲಸವನ್ನು ಒಂದೇ ಕಡೆ ನೆಲೆನಿಂತು ಮಾಡಬೇಕೆಂದರೆ, ವಿಶ್ವವಿದ್ಯಾಲಯಗಳ ಕೇಂದ್ರೀಯ ಇಮೇಜಿಂಗ್ ಘಟಕಗಳಲ್ಲೂ ಜೀವಮಾಹಿತಿ ಘಟಕಗಳಲ್ಲೂ ತಜ್ಞರ ಹುದ್ದೆಗಳಿರುತ್ತವೆ.

ರೆಸ್ಯೂಮೆಯ ವಿಷಯ. ಕಂಪನಿಗೆ ಕಳುಹಿಸುವುದು ಒಂದು, ಹೆಚ್ಚೆಂದರೆ ಎರಡು ಪುಟ. ಪ್ರಕಟಣೆಗಳ ಪೂರ್ಣ ಪಟ್ಟಿ, ಸಮ್ಮೇಳನಗಳ ಪಟ್ಟಿ, ಪಡೆದ ಪ್ರಯಾಣ ಅನುದಾನ ಇವೆಲ್ಲ ಅಲ್ಲಿ ಬೇಡ. ‘ಬರ ಪರಿಸ್ಥಿತಿಯಲ್ಲಿ ಬೇರುಗಳ ಬೆಳವಣಿಗೆಯ ಅಧ್ಯಯನ’ ಎಂಬ ಸಾಲನ್ನು ಓದಿದ ನೇಮಕಾತಿ ವಿಭಾಗದವರಿಗೆ ನೀವು ಏನನ್ನು ಮಾಡಬಲ್ಲಿರಿ ಎಂಬುದು ತಿಳಿಯುವುದಿಲ್ಲ; ಅದರ ಬದಲು, ಕೈಯಿಂದ ಅಳೆಯುತ್ತಿದ್ದ ಚಿತ್ರಗಳನ್ನು ಅಳೆಯಲು ಪ್ರೋಗ್ರಾಂ ಬರೆದು ಆ ಕೆಲಸಕ್ಕೆ ತಗಲುತ್ತಿದ್ದ ಸಮಯವನ್ನು ಎಷ್ಟು ತಗ್ಗಿಸಿದಿರಿ, ಅದನ್ನು ಈಗ ಬೇರೆ ಯಾರು ಬಳಸುತ್ತಿದ್ದಾರೆ ಎಂಬುದನ್ನು ಅಳತೆಯೊಂದಿಗೆ ಬರೆಯಿರಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಸಾಫ್ಟ್‌ವೇರ್ ಮೂಲಕ ವಿಂಗಡಿಸುವುದರಿಂದ, ಪ್ರಕಟಣೆಯಲ್ಲಿ ಬಳಸಿದ ಪದವನ್ನೇ ನಿಮ್ಮ ರೆಸ್ಯೂಮೆಯಲ್ಲೂ ಬಳಸುವುದು ಒಳ್ಳೆಯದು, ಆ ಕೌಶಲ ನಿಜವಾಗಿ ಇದ್ದರೆ ಮಾತ್ರ. ಬರೆದ ಕೋಡನ್ನು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಇಡಬಹುದು. ಅಪ್ರಕಟಿತ ದತ್ತಾಂಶ ಅದರೊಂದಿಗೆ ಹೊರಹೋಗದಂತೆ ಎಚ್ಚರ ವಹಿಸಿ, ಮಾರ್ಗದರ್ಶಕರ ಒಪ್ಪಿಗೆ ಪಡೆದುಕೊಳ್ಳಿ.

ಕೊನೆಯದಾಗಿ, ಜನರೊಂದಿಗೆ ಮಾತನಾಡಿ. ನಿಮ್ಮ ಪ್ರಯೋಗಾಲಯದಿಂದಲೂ ವಿಭಾಗದಿಂದಲೂ ಹೊರಹೋದ ಹಿರಿಯರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಇಪ್ಪತ್ತು ನಿಮಿಷಗಳ ಸಮಯ ಕೇಳಿ. ಕೆಲಸ ಕೊಡಿಸಿ ಎಂದು ಕೇಳಬೇಡಿ. ಅವರ ಕೆಲಸದಲ್ಲಿ ಬೇಸರ ತರುವ ಭಾಗ ಯಾವುದು ಎಂದು ಕೇಳಿ. ಆ ಪ್ರಶ್ನೆಗೆ ಬರುವ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಉತ್ತರ 2: ಹಿರಿಯ ಅಧ್ಯಾಪಕ

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಆದರೂ ಅಧ್ಯಾಪಕ ಹುದ್ದೆಗಳ ಆಯ್ಕೆ ಸಮಿತಿಗಳಲ್ಲಿ ಕುಳಿತು ಅರ್ಜಿಗಳನ್ನು ಓದಿದವನಾಗಿ ಕೆಲವು ಮಾತುಗಳನ್ನು ಸೇರಿಸಬೇಕೆನಿಸುತ್ತದೆ.

ಮೊದಲು ಅಹಿತಕರವಾದ ಅಂಕಿ. ಬ್ರಿಟನ್ನಿನ ರಾಯಲ್ ಸೊಸೈಟಿ 2010ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಆ ದೇಶದಲ್ಲಿ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದವರಲ್ಲಿ ಶೇ. 53ರಷ್ಟು ಜನ ಪದವಿಯ ನಂತರ ವಿಜ್ಞಾನದ ಹೊರಗಿನ ವೃತ್ತಿಗಳಿಗೆ ಹೋಗುತ್ತಾರೆ. ವಿಶ್ವವಿದ್ಯಾಲಯದ ಶಾಶ್ವತ ಸಂಶೋಧನಾ ಹುದ್ದೆಯನ್ನು ತಲುಪುವವರು ಶೇ. 3.5, ಪ್ರೊಫೆಸರ್ ಆಗುವವರು ಶೇ. 0.45. ಬ್ರಿಟನ್ನಿನಲ್ಲಿ ಪ್ರೊಫೆಸರ್ ಎಂಬುದು ಅತ್ಯುನ್ನತ ದರ್ಜೆಗೆ ಮಾತ್ರ ಸಲ್ಲುವ ಹೆಸರಾದ್ದರಿಂದ ಕೊನೆಯ ಅಂಕಿಯನ್ನು ಬೇರೆ ದೇಶಗಳಿಗೆ ಹಾಗೆಯೇ ಅನ್ವಯಿಸಲಾಗದು, ವರದಿಯೂ ಹಳೆಯದು, ವಿಷಯದಿಂದ ವಿಷಯಕ್ಕೆ ವ್ಯತ್ಯಾಸವೂ ಇದೆ. ಆದರೆ ಪಿಎಚ್‌ಡಿ ಪಡೆದವರಲ್ಲಿ ಬಹುಪಾಲು ಜನ ವಿಶ್ವವಿದ್ಯಾಲಯದ ಹೊರಗೆಯೇ ಬದುಕು ಕಟ್ಟಿಕೊಳ್ಳುತ್ತಾರೆ ಎಂಬ ಮೂಲ ಸಂಗತಿ ಅದರಿಂದ ಬದಲಾಗುವುದಿಲ್ಲ. ಅಂದ ಮೇಲೆ ಅಧ್ಯಾಪಕ ಹುದ್ದೆಯನ್ನು ಸಹಜ ಮಾರ್ಗವೆಂದೂ ಉಳಿದವನ್ನು ‘ಪರ್ಯಾಯ’ವೆಂದೂ ಕರೆಯುವ ನಮ್ಮ ವಿಭಾಗಗಳ ಅಭ್ಯಾಸಕ್ಕೆ ಆಧಾರವೇ ಇಲ್ಲ, ಮತ್ತು ಆ ಅಭ್ಯಾಸವನ್ನು ಬೆಳೆಸಿದವರು ನಾವು ಅಧ್ಯಾಪಕರೇ.

ಈ ಅಂಕಿಯನ್ನು ಕಂಡು ಪೋಸ್ಟ್‌ಡಾಕ್ ಎಂಬುದೇ ವ್ಯರ್ಥ ಎಂದು ತೀರ್ಮಾನಿಸುವುದೂ ತಪ್ಪು. ಹೊಸ ತಂತ್ರವನ್ನು ಕಲಿಯಲು, ಮಾರ್ಗದರ್ಶಕರ ನೆರಳಿನಿಂದ ಹೊರಬಂದು ಸ್ವಂತ ಪ್ರಶ್ನೆಯನ್ನು ರೂಪಿಸಿಕೊಳ್ಳಲು, ಬೇರೊಂದು ಪ್ರಯೋಗಾಲಯದ ಕಾರ್ಯವಿಧಾನವನ್ನು ಕಾಣಲು ಪೋಸ್ಟ್‌ಡಾಕ್ ಒಳ್ಳೆಯ ಅವಕಾಶ. ಏನು ಮಾಡಬೇಕೆಂದು ತೋಚದೆ, ಇರುವುದನ್ನೇ ಮುಂದುವರಿಸಲು ಅದಕ್ಕೆ ಸೇರುವುದು ಮಾತ್ರ ಅಪಾಯಕರ. ಎರಡು ವರ್ಷಗಳ ಕೊನೆಗೆ ನನ್ನ ಕೈಯಲ್ಲಿ ಈಗ ಇಲ್ಲದ ಯಾವುದು ಇರುತ್ತದೆ ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ನಿಮ್ಮಲ್ಲಿದ್ದರೆ ಹೋಗಿ, ಇಲ್ಲದಿದ್ದರೆ ಹೋಗುವ ಮೊದಲು ಇನ್ನಷ್ಟು ಯೋಚಿಸಿ.

ಹೋಗುವುದಾದರೆ ಎರಡು ದಾರಿಗಳಿವೆ. ಪ್ರಯೋಗಾಲಯದ ಮುಖ್ಯಸ್ಥರು ತಮ್ಮ ಅನುದಾನದಿಂದ ನೇಮಿಸಿಕೊಳ್ಳುವುದು ಒಂದು, ನೀವೇ ಫೆಲೋಶಿಪ್ ಗೆದ್ದು ಅಲ್ಲಿಗೆ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಮುಂಚಿತವಾದ ತಯಾರಿ ಬೇಕು. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿಯ ಗಡುವು ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್‌ನಲ್ಲಿ ಬರುತ್ತಿದೆ, ಫಲಿತಾಂಶ ಮರುವರ್ಷದ ಆರಂಭದಲ್ಲಿ. ಅರ್ಜಿಯನ್ನು ಆತಿಥ್ಯ ನೀಡುವ ಸಂಸ್ಥೆಯೊಡನೆ ಸೇರಿಯೇ ಸಿದ್ಧಪಡಿಸಬೇಕಾದ್ದರಿಂದ ಆ ವರ್ಷದ ಮೊದಲರ್ಧದಲ್ಲಿಯೇ ಅಲ್ಲಿನ ಮುಖ್ಯಸ್ಥರಿಗೆ ಬರೆಯಬೇಕಾಗುತ್ತದೆ. ಗಡುವಿನ ದಿನಕ್ಕೆ ಪಿಎಚ್‌ಡಿ ಮುಗಿದಿರಬೇಕು. ಅಲ್ಲದೆ, ಸಾಮಾನ್ಯ ನಿಯಮದಂತೆ, ಗಡುವಿಗೆ ಮುಂಚಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆತಿಥೇಯ ದೇಶದಲ್ಲಿ ನೆಲೆಸಿರಬಾರದು. ಇಂಥ ನಿಯಮಗಳು ಪರಿಷ್ಕಾರಗೊಳ್ಳುತ್ತಿರುತ್ತವೆ, ಆಯಾ ವರ್ಷದ ಕೈಪಿಡಿಯನ್ನೇ ಓದಬೇಕು. ನಾನು ಒತ್ತಿ ಹೇಳಬಯಸುವುದು ಇಷ್ಟು: ಹಲವು ಫೆಲೋಶಿಪ್‌ಗಳ ಅರ್ಹತೆ ಪಿಎಚ್‌ಡಿ ಪಡೆದ ದಿನದಿಂದ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಯಾವ ತಿಂಗಳು ನಡೆಯುತ್ತದೆ ಎಂಬುದು ಕೂಡ ಯೋಜನೆಯ ಭಾಗವಾಗಿರಬೇಕು.

ಅರ್ಜಿಗಳನ್ನು ಓದುವವರ ಅಭಿಪ್ರಾಯವನ್ನು ಕೇಳಿದ್ದೀರಿ. ಮೊದಲ ಸುತ್ತಿನಲ್ಲಿ ಪ್ರತಿ ಅರ್ಜಿಗೂ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕಣ್ಣು ಹೋಗುವುದು ಕವರ್ ಲೆಟರಿನ ಮೊದಲ ಪರಿಚ್ಛೇದಕ್ಕೆ, ಪ್ರಕಟಣೆಗಳಿಗೆ, ಮುಂದಿನ ಸಂಶೋಧನೆಯ ಯೋಜನೆಯ ಮೊದಲ ಪುಟಕ್ಕೆ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್‌ (ಅದರ ಲೇಖನಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸುತ್ತಾರೆ ಎಂಬ ಅಂಕಿ) ನೋಡಿ ಸಂಶೋಧಕರನ್ನು ಅಳೆಯಬಾರದೆಂದು ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲಿಯೇ ಹೇಳಿತು, ಸಾವಿರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಆಚರಣೆಯಲ್ಲಿ ಪತ್ರಿಕೆಯ ಹೆಸರಿಗೆ ಇನ್ನೂ ಮಣಿಯುವ ಸಮಿತಿಗಳಿವೆ ಎಂಬುದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಇದನ್ನು ಎದುರಿಸಲು ನಿಮ್ಮಿಂದ ಆಗುವುದೆಂದರೆ, ಪ್ರತಿ ಲೇಖನದಲ್ಲಿ ನಿಮ್ಮ ಪಾಲು ಯಾವುದೆಂದು ಸ್ಪಷ್ಟವಾಗಿ ಬರೆಯುವುದು. ಹಲವು ಪತ್ರಿಕೆಗಳು ಬಳಸುವ ಕ್ರೆಡಿಟ್ ವರ್ಗೀಕರಣದಲ್ಲಿ ಲೇಖಕರ ಕೊಡುಗೆಗೆ 14 ಬಗೆಯ ಪಾತ್ರಗಳಿವೆ. ಪರಿಕಲ್ಪನೆ, ಸಾಫ್ಟ್‌ವೇರ್, ವಿಶ್ಲೇಷಣೆ ಇವುಗಳಲ್ಲಿ ನಿಮ್ಮದು ಯಾವುದೆಂದು ಅಲ್ಲಿ ನಮೂದಾಗಿದ್ದರೆ ಅದನ್ನೇ ಸಿವಿಯಲ್ಲೂ ಉಲ್ಲೇಖಿಸಿ.

ಸಂಶೋಧನಾ ಯೋಜನೆಯ ಬಗ್ಗೆ ಒಂದೇ ಮಾತು. ಪಿಎಚ್‌ಡಿಯಲ್ಲಿ ಮಾಡಿದ್ದನ್ನೇ ಇನ್ನೊಂದು ಸಸ್ಯದ ಮೇಲೆ ಮಾಡುತ್ತೇನೆ ಎಂಬ ಯೋಜನೆಗಳೇ ಹೆಚ್ಚಾಗಿ ಬರುತ್ತವೆ, ಅವು ಹೆಚ್ಚಾಗಿ ಮೊದಲ ಸುತ್ತಿನಲ್ಲಿಯೇ ಹೊರಬೀಳುತ್ತವೆ.

ಉತ್ತರ 3: ಕಡತಗಳ ನಡುವೆ

ಇಲ್ಲಿಯವರೆಗಿನ ಮಾತೆಲ್ಲ ಪ್ರಯೋಗಾಲಯದವರದ್ದಾಯಿತು. ಈ ಪುಟವನ್ನು ಮಾನವಿಕ ವಿಷಯಗಳ ಸಂಶೋಧಕರೂ ಓದುತ್ತಿರಬಹುದೆಂದು ನಾನು ಸೇರಿಕೊಳ್ಳುತ್ತಿದ್ದೇನೆ. ಇತಿಹಾಸದಲ್ಲಿ ಪಿಎಚ್‌ಡಿ ಮುಗಿಸಿ ಈಗ ಪತ್ರಾಗಾರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ.

ನಮ್ಮಲ್ಲಿ ಪೋಸ್ಟ್‌ಡಾಕ್ ಹುದ್ದೆಗಳು ವಿಜ್ಞಾನಕ್ಕೆ ಹೋಲಿಸಿದರೆ ಬಹಳ ಕಡಿಮೆ, ಲೇಖನಗಳ ಎಣಿಕೆಗಿಂತ ಪುಸ್ತಕಕ್ಕೆ ಬೆಲೆ ಹೆಚ್ಚು, ಪಾಠ ಮಾಡಿದ ಅನುಭವಕ್ಕೂ ತೂಕ ಹೆಚ್ಚು. ಆದುದರಿಂದ ಅಧ್ಯಾಪನದತ್ತ ಒಲವಿರುವವರು ತಾವು ರೂಪಿಸಿದ ಪಠ್ಯಕ್ರಮ, ಕೊಟ್ಟ ಬರವಣಿಗೆಯ ಅಭ್ಯಾಸಗಳು, ವಿದ್ಯಾರ್ಥಿಗಳ ಪ್ರತಿಕ್ರಿಯೆ ಇವನ್ನು ಆಯಾ ಅವಧಿ ಮುಗಿದ ಕೂಡಲೇ ಜೋಡಿಸಿಡಬೇಕು. ನಾಲ್ಕು ವರ್ಷಗಳ ನಂತರ ಹುಡುಕಿದರೆ ಅವು ಸಿಗುವುದಿಲ್ಲ. ಹೊರಗಿನ ದಾರಿಗಳೆಂದರೆ ಪತ್ರಾಗಾರ, ವಸ್ತುಸಂಗ್ರಹಾಲಯ, ಪ್ರಕಾಶನ, ಅನುದಾನ ನೀಡುವ ಸಂಸ್ಥೆಗಳು, ನೀತಿ ಸಂಶೋಧನೆ, ಅನುವಾದ. ಇವುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ವೃತ್ತಿ ತರಬೇತಿ ಬೇಕಾಗುತ್ತದೆ ಎಂಬುದನ್ನು ಬಹಳ ಜನ ಕೊನೆಯ ವರ್ಷದಲ್ಲಿ ತಿಳಿಯುತ್ತಾರೆ. ದಾಖಲೆಗಳನ್ನು ಓದಬಲ್ಲವರೆಲ್ಲ ದಾಖಲೆಗಳನ್ನು ವರ್ಗೀಕರಿಸಿ ಕಾಪಾಡಬಲ್ಲರು ಎಂದೇನಿಲ್ಲ.

ಉದ್ಯಮದಲ್ಲಿರುವವರು ಹೇಳಿದ ಒಂದು ಮಾತಿಗೆ ನನ್ನ ಆಕ್ಷೇಪವಿದೆ. ಎಲ್ಲವನ್ನೂ ಅಳತೆಯೊಂದಿಗೆ ಬರೆಯಿರಿ ಎಂಬ ಸಲಹೆ ನಮ್ಮ ಕ್ಷೇತ್ರದಲ್ಲಿ ನಗೆಪಾಟಲಾಗುವಂಥ ಸಾಲುಗಳಿಗೆ ದಾರಿ ಮಾಡಿಕೊಡುತ್ತದೆ. ಎಷ್ಟು ದಾಖಲೆಗಳನ್ನು ಓದಿದೆ ಎಂಬ ಸಂಖ್ಯೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪರಸ್ಪರ ಹೊಂದದ ಸಾಕ್ಷ್ಯಗಳ ನಡುವೆ ಯಾವುದನ್ನು ನಂಬಬೇಕೆಂದು ನಿರ್ಧರಿಸಿ, ಆ ನಿರ್ಧಾರವನ್ನು ವಿಷಯದ ಪರಿಚಯವಿಲ್ಲದವರಿಗೆ ಎರಡು ಪುಟಗಳಲ್ಲಿ ವಿವರಿಸಬಲ್ಲೆ ಎಂಬುದನ್ನು ಒಂದು ಮಾದರಿ ಬರಹದಿಂದ ತೋರಿಸಿದರೆ ಅದರ ಪರಿಣಾಮ ದೊಡ್ಡದು. ಸಂದರ್ಶನಕ್ಕೆ ಕರೆಸಿಕೊಂಡವರು ನನ್ನನ್ನು ಹೆಚ್ಚಾಗಿ ಪ್ರಶ್ನಿಸಿದ್ದು ಅಂಥದೊಂದು ಬರಹದ ಬಗ್ಗೆಯೇ.

ವಿಷಯವನ್ನು ಚಿಕ್ಕದಾಗಿ ಹೇಳುವ ಅಭ್ಯಾಸಕ್ಕೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ, ಈಗ ಹಲವು ದೇಶಗಳಲ್ಲಿ ನಡೆಯುವ ಮೂರು ನಿಮಿಷಗಳ ಪ್ರಬಂಧ ಸ್ಪರ್ಧೆ ಒಳ್ಳೆಯ ಕಸರತ್ತು. ಒಂದೇ ಸ್ಲೈಡ್, ಮೂರು ನಿಮಿಷ. ನಿಮ್ಮ ವಿಶ್ವವಿದ್ಯಾಲಯದಲ್ಲಿ ನಡೆಯದಿದ್ದರೆ ವಿಭಾಗದ ಗೆಳೆಯರ ಮುಂದೆಯೇ ಮಾಡಿ ನೋಡಬಹುದು.

ಪ್ರತಿಕ್ರಿಯೆ: ಬೇರಿನ ಬೆನ್ನುಹತ್ತಿದವಳು

ಮೂವರಿಗೂ ಕೃತಜ್ಞಳಾಗಿದ್ದೇನೆ. ಅಪ್ಲಿಕೇಶನ್ ಸೈಂಟಿಸ್ಟ್ ಎಂಬ ಹುದ್ದೆಯ ಹೆಸರನ್ನು ಕೇಳಿದ್ದೆ, ಆದರೆ ಅದು ಮಾರಾಟ ವಿಭಾಗದ ಕೆಲಸವೆಂದು ತಿಳಿದಿದ್ದೆ. ಆ ಬಗೆಯ ಕೆಲವು ಪ್ರಕಟಣೆಗಳನ್ನು ಈಗ ಓದಲು ಆರಂಭಿಸಿದ್ದೇನೆ.

ಎರಡು ಸಂದೇಹಗಳು ಉಳಿದಿವೆ. ಪಿಎಚ್‌ಡಿ ಆದವರನ್ನು ಅಗತ್ಯಕ್ಕಿಂತ ಹೆಚ್ಚು ಓದಿದವರೆಂದು ಕಂಪನಿಗಳು ದೂರವಿಡುತ್ತವೆ ಎಂಬ ಮಾತನ್ನು ಬಹಳ ಕಡೆ ಕೇಳುತ್ತೇನೆ. ಇದು ಎಷ್ಟರಮಟ್ಟಿಗೆ ನಿಜ? ಎರಡನೆಯದು ಹೆಚ್ಚು ಸಂಕೋಚದ್ದು. ಪೋಸ್ಟ್‌ಡಾಕ್ ಬೇಡವೆನಿಸುತ್ತಿದೆ ಎಂದು ಮಾರ್ಗದರ್ಶಕರಿಗೆ ಈಗಲೇ ಹೇಳಿದರೆ ಅವರ ಆಸಕ್ತಿ ಕುಗ್ಗಿ, ನನ್ನ ಎರಡನೆಯ ಲೇಖನಕ್ಕೂ ಶಿಫಾರಸು ಪತ್ರಕ್ಕೂ ತೊಂದರೆಯಾದೀತೆಂಬ ಭಯವಿದೆ. ಅವರು ಸಜ್ಜನರು, ಆದರೆ ಸಂಶೋಧನೆಯ ಹೊರಗಿನ ಬದುಕಿನ ಬಗ್ಗೆ ಅವರು ಮಾತನಾಡಿದ್ದನ್ನು ನಾನು ಕೇಳಿಲ್ಲ.

ಉತ್ತರ 1: ಉದ್ಯಮದಲ್ಲಿರುವ ರಸಾಯನತಜ್ಞ

ಮೊದಲ ಸಂದೇಹಕ್ಕೆ: ಸ್ನಾತಕೋತ್ತರ ಪದವಿ ಸಾಕೆಂದು ಬರೆದಿರುವ ಹುದ್ದೆಗೆ ಅರ್ಜಿ ಹಾಕಿದರೆ ಆ ಮಾತು ನಿಜವಾಗಬಹುದು, ಪಿಎಚ್‌ಡಿ ಕೇಳಿರುವ ಹುದ್ದೆಗೆ ಅದು ಅನ್ವಯಿಸುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನೇಮಿಸಿಕೊಳ್ಳುವವರ ಅಳುಕು ಹೆಚ್ಚಾಗಿ ನಿಮ್ಮ ಓದಿನ ಬಗ್ಗೆ ಇರುವುದಿಲ್ಲ. ಈಕೆ ಒಂದೇ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಕುಳಿತು ರೂಢಿಯಾದವಳು, ಮಧ್ಯದಲ್ಲಿ ಯೋಜನೆ ಕೈಬಿಡಿ ಎಂದರೆ ಬಿಟ್ಟಾಳೆಯೆ, ತಂಡದೊಂದಿಗೆ ಹೊಂದಿಕೊಂಡಾಳೆಯೆ, ಆರು ತಿಂಗಳಲ್ಲಿ ಪೋಸ್ಟ್‌ಡಾಕ್ ಸಿಕ್ಕಿತೆಂದು ಹೊರಟುಹೋದಾಳೆಯೆ ಎಂಬುವು ಅವರ ನಿಜವಾದ ಪ್ರಶ್ನೆಗಳು, ಬಾಯಿಬಿಟ್ಟು ಕೇಳದಿದ್ದರೂ. ಇವಕ್ಕೆ ಉತ್ತರವನ್ನು ಘಟನೆಗಳ ಮೂಲಕ ಕೊಡಬೇಕು: ಸನ್ನಿವೇಶ ಏನಿತ್ತು, ನಿಮ್ಮ ಹೊಣೆ ಏನಾಗಿತ್ತು, ನೀವು ಏನು ಮಾಡಿದಿರಿ, ಪರಿಣಾಮ ಏನಾಯಿತು. ಫಲ ಕಾಣದ ಪ್ರಯೋಗವೊಂದನ್ನು ನಿಲ್ಲಿಸಲು ನೀವೇ ತೀರ್ಮಾನಿಸಿದ ಪ್ರಸಂಗವಿದ್ದರೆ ಅದನ್ನು ತಪ್ಪದೆ ಸಿದ್ಧಪಡಿಸಿಕೊಳ್ಳಿ, ಪಿಎಚ್‌ಡಿ ಆದವರಿಂದ ಅಂಥ ಮಾತನ್ನು ಕೇಳಿದರೆ ಸಂದರ್ಶಕರಿಗೆ ಸಮಾಧಾನವಾಗುತ್ತದೆ.

ಸಂಬಳದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಪಡೆಯುತ್ತಿರುವ ಸಂಶೋಧನಾ ವೇತನವನ್ನು ಆಧಾರವಾಗಿಟ್ಟುಕೊಂಡು ನಿರೀಕ್ಷೆಯನ್ನು ಹೇಳಬೇಡಿ. ಅದೇ ಹುದ್ದೆಗೆ, ಅದೇ ಊರಿನಲ್ಲಿ ಇತರರಿಗೆ ಸಿಗುವುದೆಷ್ಟು ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಲಿಖಿತ ಆಹ್ವಾನ ಬಂದ ಮೇಲೆ ಮಾತುಕತೆ ನಡೆಸಿ. ಸೇರುವ ದಿನಾಂಕವೂ ಮಾತುಕತೆಗೆ ಒಳಪಟ್ಟದ್ದೇ, ಪ್ರಬಂಧ ಸಲ್ಲಿಸುವವರಿಗೆ ಅದು ಸಂಬಳಕ್ಕಿಂತ ಕಡಿಮೆ ಮುಖ್ಯವಲ್ಲ.

ಉತ್ತರ 2: ಹಿರಿಯ ಅಧ್ಯಾಪಕ

ಎರಡನೆಯ ಸಂದೇಹಕ್ಕೆ ನಾನು ಉತ್ತರಿಸಬೇಕು. ನಿಮ್ಮ ಭಯ ಆಧಾರವಿಲ್ಲದ್ದೆಂದು ಹೇಳಲಾರೆ. ವಿದ್ಯಾರ್ಥಿಯು ಹೊರಗೆ ಹೋಗುತ್ತಾನೆಂದು ತಿಳಿದ ಕೂಡಲೇ ಕಡೆಗಣಿಸುವ ಮಾರ್ಗದರ್ಶಕರಿದ್ದಾರೆ. ಆದರೆ ಹೆಚ್ಚಿನವರ ಮೌನಕ್ಕೆ ಕಾರಣ ವಿರೋಧವಲ್ಲ, ಆ ಲೋಕದ ಪರಿಚಯ ಅವರಿಗಿಲ್ಲದಿರುವುದು.

ಪೋಸ್ಟ್‌ಡಾಕ್ ಬೇಡ ಎಂದು ಮಾತು ಆರಂಭಿಸುವ ಅಗತ್ಯವೇ ಇಲ್ಲ, ನೀವಿನ್ನೂ ಹಾಗೆ ತೀರ್ಮಾನಿಸಿಯೂ ಇಲ್ಲ. ಸಲ್ಲಿಕೆಯವರೆಗಿನ ವೇಳಾಪಟ್ಟಿಯನ್ನು ಬರೆದುಕೊಂಡು ಹೋಗಿ: ಯಾವ ಅಧ್ಯಾಯ ಯಾವ ತಿಂಗಳು, ಎರಡನೆಯ ಲೇಖನದ ಪರಿಷ್ಕರಣೆ ಯಾವಾಗ, ಅದರ ಕೆಳಗೆ ಕೊನೆಯ ಸಾಲಾಗಿ, ಮುಂದಿನ ಹುದ್ದೆಗಳಿಗೆ ಅರ್ಜಿ ಯಾವಾಗಿನಿಂದ. ಆ ಸಾಲಿಗೆ ಬಂದಾಗ, ಪೋಸ್ಟ್‌ಡಾಕ್ ಜೊತೆಗೆ ವಿಶ್ಲೇಷಣೆಗೆ ಸಂಬಂಧಿಸಿದ ಬೇರೆ ಹುದ್ದೆಗಳನ್ನೂ ನೋಡುತ್ತಿದ್ದೇನೆ ಎಂದು ತಿಳಿಸಿ. ಲೇಖನದ ಬಗ್ಗೆ ಮೊದಲು ಮಾತನಾಡಿದ್ದರಿಂದ, ಅದನ್ನು ನಡುವೆ ಬಿಟ್ಟುಹೋಗುತ್ತೀರಿ ಎಂಬ ಅವರ ಆತಂಕ ಅಷ್ಟರಲ್ಲಿ ಕಳೆದಿರುತ್ತದೆ. ಬಹುತೇಕ ಅಧ್ಯಾಪಕರಿಗೆ ನಿಜವಾದ ಚಿಂತೆಯಿರುವುದು ಅದರ ಬಗ್ಗೆಯೇ.

ಶಿಫಾರಸು ಪತ್ರಗಳ ಭಾರವನ್ನು ಒಬ್ಬರ ಮೇಲೆಯೇ ಹಾಕಿ ಬಿಡಬೇಡಿ. ಅಧ್ಯಾಪಕ ಹುದ್ದೆಗೂ ಫೆಲೋಶಿಪ್‌ಗೂ ಸಾಮಾನ್ಯವಾಗಿ ಎರಡು ಮೂರು ಪತ್ರಗಳು ಬೇಕಾಗುತ್ತವೆ. ನಿಮ್ಮ ಸಲಹಾ ಸಮಿತಿಯ ಸದಸ್ಯರೊಬ್ಬರು, ಜೊತೆಗೂಡಿ ಲೇಖನ ಬರೆದ ಹೊರಗಿನವರೊಬ್ಬರು ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲಂತೆ ಈಗಿನಿಂದಲೇ ನೋಡಿಕೊಳ್ಳಿ. ಪತ್ರ ಕೇಳುವಾಗ ಒಂದು ತಿಂಗಳ ಅವಕಾಶ ಕೊಟ್ಟು, ಹುದ್ದೆಯ ವಿವರ, ನಿಮ್ಮ ಸಿವಿ, ಪತ್ರದಲ್ಲಿ ಬಂದರೆ ಒಳ್ಳೆಯದೆನಿಸುವ ಮೂರು ಸಂಗತಿಗಳು ಇವನ್ನು ಒಂದೇ ಮಿಂಚಂಚೆಯಲ್ಲಿ ಕಳುಹಿಸಿ. ‘ನನ್ನ ಬಗ್ಗೆ ಬಲವಾದ ಪತ್ರ ಬರೆಯಲು ತಮಗೆ ಸಾಧ್ಯವೆ’ ಎಂದೇ ಕೇಳಿ. ಉತ್ತರದಲ್ಲಿ ಹಿಂಜರಿಕೆ ಕಂಡರೆ ಬೇರೊಬ್ಬರನ್ನು ಕೇಳುವುದು ಲೇಸು. ಕಂಪನಿಗಳು ಹೆಚ್ಚಾಗಿ ಪತ್ರ ಕೇಳುವುದಿಲ್ಲ, ಕೊನೆಯ ಹಂತದಲ್ಲಿ ದೂರವಾಣಿಯಲ್ಲಿ ವಿಚಾರಿಸುತ್ತವೆ. ಹಾಗೆ ಯಾರ ಹೆಸರನ್ನು ಕೊಟ್ಟಿದ್ದೀರೋ ಅವರಿಗೆ ಮುಂಚೆಯೇ ತಿಳಿಸಿರಿ.

ಇನ್ನೊಂದು ಎಚ್ಚರಿಕೆ. ಪ್ರಬಂಧ ಸಲ್ಲಿಸುವ ಮೊದಲೇ ಕೆಲಸ ಸಿಕ್ಕಿದರೆ, ಸಂಜೆ ಮತ್ತು ರಜೆಯ ದಿನಗಳಲ್ಲಿ ಉಳಿದ ಅಧ್ಯಾಯಗಳನ್ನು ಬರೆದು ಮುಗಿಸುತ್ತೇನೆಂದು ಹೊರಡುವವರಲ್ಲಿ ಹಲವರು ವರ್ಷಗಳ ಕಾಲ ಮುಗಿಸದೆ ಉಳಿಯುತ್ತಾರೆ. ಬೇಕಾದರೆ ಸೇರುವ ದಿನಾಂಕವನ್ನು ಎರಡು ತಿಂಗಳು ಮುಂದೂಡಲು ಕೇಳಿ, ಪೂರ್ಣ ಕರಡನ್ನು ಮಾರ್ಗದರ್ಶಕರ ಕೈಗೆ ಕೊಟ್ಟ ಮೇಲೆಯೇ ಹೊರಡಿ. ನೇಮಕಾತಿ ಪತ್ರದಲ್ಲಿ ಪದವಿ ಪ್ರಮಾಣಪತ್ರವನ್ನು ಇಂಥ ದಿನಾಂಕದೊಳಗೆ ಒಪ್ಪಿಸಬೇಕೆಂಬ ಷರತ್ತು ಇದೆಯೆ, ಇದ್ದರೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಸಲ್ಲಿಕೆಯಿಂದ ವೈವಾವರೆಗೆ ಸಾಮಾನ್ಯವಾಗಿ ಎಷ್ಟು ತಿಂಗಳು ಹಿಡಿಯುತ್ತದೆ ಎಂಬ ಎರಡನ್ನೂ ಸಹಿ ಹಾಕುವ ಮೊದಲು ನೋಡಿಕೊಳ್ಳಿ.